ಏಳನೆಯ ಕಲ್ಲಿನ ಬನ್ನು

ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿ, ಮೇ ಹದಿನಾಲ್ಕು, ಭಾನುವಾರ. ಹಾಗ್‌ಕೋಟ್ ಊರಿನ ಚರ್ಚಿನ ಮುಂದೆ ಮೂವತ್ತೇಳು ಜನ, ಹದಿನಾಲ್ಕು ನಾಯಿಗಳು ಮತ್ತು ಒಂದು ಹೆಲ್ಮೆಟ್ಟು ಸೇರಿದ್ದವು. ಹೆಲ್ಮೆಟ್ಟು ಹೆಟ್ಟಿ ಪ್ರಡನ್ ಎಂಬ ಹತ್ತು ವರ್ಷದ ಹುಡುಗಿಯ ತಲೆಯ ಮೇಲಿತ್ತು. ಅವಳಿಗೆ ಅದು ಬೇಕಿರಲಿಲ್ಲ.

"ಇದನ್ನ ತೆಗೀಲಾ ಮೇಡಂ?"

"ತೆಗೀಬಾರದು," ಎಂದರು ಆಕ್ಲಿ ಮೇಡಂ. ಅವರು ಊರ ಪಂಚಾಯಿತಿಯ ಅಧ್ಯಕ್ಷೆ. "ವಿಮೆ ಕಂಪನಿಯವರು ಹೇಳಿದ್ದಾರೆ. ಹೆಲ್ಮೆಟ್ ಇಲ್ಲ ಅಂದ್ರೆ ಗುದ್ದೂ ಇಲ್ಲ."

"ಆದ್ರೆ ನನ್ನನ್ನ ಕೂರಿಸೋದು ದಿಂಬಿನ ಮೇಲೆ. ತಲೆಗ್ಯಾಕೆ ಹೆಲ್ಮೆಟ್?"

"ಪ್ರಶ್ನೆ ಕೇಳೋದಕ್ಕೆ ವಿಮೆ ಮಾಡಿಸಿಲ್ಲ, ಹೆಟ್ಟಿ. ಸುಮ್ನೆ ನಿಂತ್ಕೋ."

ಅಂದು ಹಾಗ್‌ಕೋಟಿನಲ್ಲಿ ತಲೆಮಾರಿಗೊಮ್ಮೆ ಬರುವ ಎಲ್ಲೆ ಸುತ್ತುವ ದಿನ. ನಕಾಶೆಗಳಿಲ್ಲದ ಕಾಲದಲ್ಲಿ ಊರವರು ವಿಲ್ಲೋ ಮರದ ಕೋಲು ಹಿಡಿದು ಎಲ್ಲೆಯುದ್ದಕ್ಕೂ ನಡೆಯುತ್ತಿದ್ದರು. ಸಿಕ್ಕ ಒಂದೊಂದು ಗಡಿಕಲ್ಲಿಗೂ ಕೋಲಿನಿಂದ ಬಡಿಯುತ್ತಿದ್ದರು. ಬಳಿಕ ಒಂದು ಮಗುವನ್ನು ಹಿಡಿದು ಅದೇ ಕಲ್ಲಿಗೆ ಗುದ್ದುತ್ತಿದ್ದರು. ಪೆಟ್ಟು ತಿಂದ ಕಲ್ಲು ಏನನ್ನೂ ನೆನಪಿಡುವುದಿಲ್ಲ. ಪೆಟ್ಟು ತಿಂದ ಮಗು ಆ ಜಾಗವನ್ನು ಸಾಯುವತನಕ ಮರೆಯುವುದಿಲ್ಲ. ಇದು ಹಿರಿಯರ ಲೆಕ್ಕ. ಲೆಕ್ಕ ಕ್ರೂರವಾಗಿತ್ತು, ಆದರೆ ತಪ್ಪಾಗಿರಲಿಲ್ಲ. ಒಂದು ಗುದ್ದಿಗೆ ಒಂದು ಬನ್ನು ಮಗುವಿನ ಕೂಲಿ.

ಗುದ್ದಿಸಿಕೊಳ್ಳುವುದು ಹೆಟ್ಟಿಯ ಮನೆತನಕ್ಕೆ ಬಂದ ಹಕ್ಕು. ಮುತ್ತಾತ ವಿಲ್ಫ್ ಅವರನ್ನು ೧೯೪೯ರಲ್ಲಿ ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸಿ, ನೆತ್ತಿಯನ್ನು ಬರಿಗಲ್ಲಿಗೆ ಗುದ್ದಿದ್ದರು. ಅಜ್ಜಿ ಮೊರೀನ್ ಅವರನ್ನು ೧೯೭೭ರಲ್ಲಿ ಕೈಕಾಲು ಹಿಡಿದು ಎತ್ತಿ, ಕುಂಡೆಯನ್ನು ಗುದ್ದಿದ್ದರು. ಅಮ್ಮನನ್ನು ೨೦೦೦ದಲ್ಲಿ ಕಲ್ಲಿನ ಮೇಲೆ ಮೆಲ್ಲಗೆ ಕೂರಿಸಿ ಫೋಟೊ ತೆಗೆದಿದ್ದರು. ಈಗ ಹೆಟ್ಟಿಗೆ ದಿಂಬು ಬಂದಿತ್ತು.

"ಹಿಂಗೇ ಆದ್ರೆ ಇವಳ ಮಗಳಿಗೆ ಕಲ್ಲಿನ ಫೋಟೊ ತೋರಿಸಿ ಮನೆಗೆ ಕಳಿಸ್ತಾರೆ," ಎಂದರು ಅಜ್ಜಿ.

"ಬನ್ನಿನ ಫೋಟೊನೂ ತೋರಿಸ್ತಾರೆ," ಎಂದರು ಮುತ್ತಾತ. ಎಂಬತ್ತಮೂರು ವರ್ಷದ ಅವರು ತಮ್ಮ ನಾಲ್ಕು ಚಕ್ರದ ಬ್ಯಾಟರಿ ಗಾಡಿಯಲ್ಲಿ ರಾಜನಂತೆ ಕುಳಿತಿದ್ದರು. "ಪಾಮ್, ನನ್ನ ಬನ್ನು ತಂದಿದ್ದೀಯಾ?"

ಆಕ್ಲಿ ಮೇಡಂ ನಿಟ್ಟುಸಿರು ಬಿಟ್ಟರು. "ವಿಲ್ಫ್ ಅವರೇ, ಆ ಬನ್ನು ನಿಮಗೆ ಬಾಕಿ ಇರೋದು ೧೯೪೯ರಿಂದ. ಆಗ ನಾನು ಹುಟ್ಟೇ ಇರಲಿಲ್ಲ."

"ನೀನು ಹುಟ್ಟಿರಲಿಲ್ಲ ಸರಿ. ಪಂಚಾಯಿತಿ ಹುಟ್ಟಿತ್ತಲ್ಲ?"

ಇದು ಇಡೀ ಊರಿಗೆ ಗೊತ್ತಿದ್ದ ಜಗಳ. ಆ ವರ್ಷ ಸಕ್ಕರೆ ರೇಷನ್ನಿನಲ್ಲಿತ್ತು. ಬೇಕರಿಯವನಿಗೆ ಸಕ್ಕರೆ ಸಾಲದೆ ಆರೇ ಬನ್ನು ಮಾಡಿದ್ದ. ಮುತ್ತಾತನ ಪ್ರಕಾರ ಗುದ್ದುಗಳು ಏಳು. ಏಳನೆಯ ಕಲ್ಲಿನ ಬನ್ನು ಇನ್ನೂ ಬರಬೇಕಾಗಿತ್ತು.

ತೊಂದರೆ ಏನೆಂದರೆ, ಏಳನೆಯ ಕಲ್ಲೇ ಇರಲಿಲ್ಲ. ಇದ್ದರೂ ಯಾರಿಗೂ ಸಿಕ್ಕಿರಲಿಲ್ಲ. ೧೯೪೯ರಲ್ಲಿ ಅದನ್ನು ನೋಡಿದ್ದವರೆಲ್ಲ ಈಗ ಚರ್ಚಿನ ಹಿಂದೆ ಮಣ್ಣಿನಡಿ ಮಲಗಿದ್ದರು. ಉಳಿದವರು ಮುತ್ತಾತ ಒಬ್ಬರೇ. ೧೯೭೭ರಲ್ಲಿ ಅವರು ತೋರಿಸಿದ ಜಾಗದಲ್ಲಿ ಹುಡುಕಿದರು. ೨೦೦೦ದಲ್ಲೂ ಹುಡುಕಿದರು. ಸಿಕ್ಕಿದ್ದು ಒಂದು ಹಳೆಯ ಬಕೆಟ್ಟು. ಅಂದಿನಿಂದ ಹಾಗ್‌ಕೋಟಿನಲ್ಲಿ ಯಾರಾದರೂ ಇಲ್ಲದ್ದನ್ನು ಇದೆ ಎಂದರೆ, "ಹೌದೌದು, ವಿಲ್ಫ್ ಕಲ್ಲಿನ ಹಾಗೆ," ಎನ್ನುವುದು ರೂಢಿಯಾಯಿತು.

ಹೆಟ್ಟಿಯ ಶಾಲೆಯ ಬಸ್ಸಿಗೂ ಆ ಮಾತು ಹತ್ತಿತ್ತು. ಅವಳು ಪಕ್ಕದ ಪೇಟೆಯ ಶಾಲೆಗೆ ಹೋಗುತ್ತಿದ್ದಳು, ಏಕೆಂದರೆ ಹಾಗ್‌ಕೋಟಿನ ಶಾಲೆ ಮುಚ್ಚಿಹೋಗಿತ್ತು. ಅವಳ ಅಮ್ಮ ಮಗ್ಗಿ ಕಲಿತ ಕೋಣೆಯಲ್ಲಿ ಈಗ ನಾಯಿಗಳಿಗೆ ಕ್ಷೌರ ಮಾಡುತ್ತಾರೆ.

"ಹೋಮ್‌ವರ್ಕ್ ಮಾಡಿದ್ದೀಯಾ?" ಎಂದು ಶುಕ್ರವಾರ ಬಸ್ಸಿನಲ್ಲಿ ಯಾರೋ ಕೇಳಿದ್ದರು.

"ಮಾಡಿದ್ದೀನಿ. ವಿಲ್ಫ್ ಕಲ್ಲಿನ ಕೆಳಗಿಟ್ಟಿದ್ದೀನಿ," ಎಂದಿದ್ದ ರೂಫಸ್. ಮೂರು ವರ್ಷದ ಹಿಂದೆ ಲಂಡನ್ನಿನಿಂದ ಬಂದವನು. ಬಸ್ಸಿಗೆ ಬಸ್ಸೇ ನಕ್ಕಿತ್ತು.

ಹೆಟ್ಟಿ ಎದ್ದು ನಿಂತಿದ್ದಳು. "ಕಲ್ಲು ಇದೆ ಕಣೋ. ಭಾನುವಾರ ತೋರಿಸ್ತೀನಿ."

"ತೋರಿಸದೇ ಇದ್ರೆ?"

"ಸೋಮವಾರ ಇದೇ ಬಸ್ಸಲ್ಲಿ ಎದ್ದು ನಿಂತು, ನಮ್ಮ ಮುತ್ತಾತ ಸುಳ್ಳು ಹೇಳ್ತಾರೆ ಅಂತ ಕೂಗ್ತೀನಿ. ಸಿಕ್ಕಿದ್ರೆ, ಅವರು ಹೇಳಿದ್ದೇ ನಿಜ ಅಂತ ನೀನು ಕೂಗ್ಬೇಕು."

"ಡೀಲ್," ಎಂದಿದ್ದ ರೂಫಸ್.

ಬಾಯಿ ಜಾರಿ ಬಂದ ಮಾತಿಗೆ ಹೆಟ್ಟಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಭಾನುವಾರ ಸಿಗದಿದ್ದರೆ ಇನ್ನೊಂದು ಸಲ ಹುಡುಕೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಪಂಚಾಯಿತಿ ಹೊಸ ಹಿತ್ತಾಳೆ ಫಲಕ ಮಾಡಿಸುವುದಿತ್ತು. ಅಂದು ಎಷ್ಟು ಕಲ್ಲು ಸಿಗುತ್ತವೆಯೋ ಅಷ್ಟನ್ನೇ ಅದರಲ್ಲಿ ಕೆತ್ತುತ್ತಾರೆ. ಹಿತ್ತಾಳೆಯಲ್ಲಿ ಆರು ಎಂದು ಬರೆದ ಮೇಲೆ ಮುತ್ತಾತನ ಮಾತನ್ನು ಯಾರು ಕೇಳುತ್ತಾರೆ?

ಮೆರವಣಿಗೆ ಹೊರಟಿತು.

ಹಾಗ್‌ಕೋಟಿನಲ್ಲಿ ಹಳೆಯ ಬೇಕರಿ, ಹಳೆಯ ಕಮ್ಮಾರಸಾಲೆ, ಹಳೆಯ ಅಂಚೆಕಚೇರಿ ಎಂಬ ಹೆಸರಿನ ಮನೆಗಳಿವೆ. ಅವುಗಳಲ್ಲಿ ಬ್ರೆಡ್ಡಾಗಲಿ, ಲಾಳವಾಗಲಿ, ಸ್ಟಾಂಪಾಗಲಿ ಸಿಗುವುದಿಲ್ಲ. ಮನೆ ಕೊಂಡವರು ಕಸುಬನ್ನು ಬಿಟ್ಟು ಹೆಸರನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಮೊದಲನೆಯ ಕಲ್ಲು ಚರ್ಚಿನ ಗೋಡೆಯ ಪಕ್ಕದಲ್ಲೇ ಇತ್ತು. ಆಕ್ಲಿ ಮೇಡಂ ಅದರ ಮೇಲೆ ಹೂವಿನ ದಿಂಬು ಇಟ್ಟರು. ಹೆಟ್ಟಿ ಕುಳಿತಳು, ಎದ್ದಳು. ಜನ ಚಪ್ಪಾಳೆ ತಟ್ಟಿದರು. ಒಂದು ಬನ್ನು ಸಿಕ್ಕಿತು.

"ನೋವಾಯ್ತಾ?" ಎಂದು ಮುತ್ತಾತ ಕೇಳಿದರು.

"ಇಲ್ಲ."

"ಹಂಗಾದ್ರೆ ಸೋಮವಾರಕ್ಕೆ ಮರೆತುಹೋಗುತ್ತೆ."

ಎರಡನೆಯ ಕಲ್ಲು ಹಳೆಯ ಕಮ್ಮಾರಸಾಲೆಯ ಕಿಟಕಿಯ ಕೆಳಗಿತ್ತು. ಒಳಗೆ ಭಾನುವಾರದ ಯೋಗ ನಡೆಯುತ್ತಿತ್ತು. ಒಂದಷ್ಟು ಜನ ತಲೆ ಕೆಳಗೆ, ಕಾಲು ಮೇಲೆ ಮಾಡಿ ನಿಂತಿದ್ದರು.

"ಅವರಿಗೆ ವಿಮೆ ಇದೆಯಾ ಮೇಡಂ?" ಹೆಟ್ಟಿ ಕೇಳಿದಳು.

ಆಕ್ಲಿ ಮೇಡಂಗೆ ಅದು ಕೇಳಿಸಲಿಲ್ಲ. ಅಥವಾ ಕೇಳಿಸದ ಹಾಗೆ ಮುಂದೆ ನಡೆದರು.

ನಾಲ್ಕನೆಯ ಕಲ್ಲು ಒಂದು ಮನೆಯ ಅಡುಗೆಕೋಣೆಯೊಳಗಿತ್ತು. ಮನೆ ದೊಡ್ಡದು ಮಾಡುವಾಗ ಕಲ್ಲನ್ನು ಕೀಳಬಾರದೆಂದು ಪಂಚಾಯಿತಿ ಹೇಳಿತ್ತು. ಮನೆಯವರು ಅದರ ಸುತ್ತಲೇ ಗೋಡೆ ಎಬ್ಬಿಸಿದ್ದರು. ಮೂವತ್ತೇಳು ಜನ ಬೂಟು ಒರೆಸಿಕೊಂಡು, ನಾಯಿಗಳು ಏನನ್ನೂ ಒರೆಸಿಕೊಳ್ಳದೆ, ಒಲೆಯ ಪಕ್ಕದಿಂದ ಹಾದು ಹಿಂಬಾಗಿಲಿನಿಂದ ಹೊರಬಿದ್ದರು. ಮನೆಯೊಡತಿಯ ಹುರಿದ ಮಾಂಸದಲ್ಲಿ ಒಂದು ತುಂಡು ಕಡಿಮೆಯಾಯಿತು. ಯಾವ ನಾಯಿಯೂ ಒಪ್ಪಿಕೊಳ್ಳಲಿಲ್ಲ.

ಐದನೆಯ ಬನ್ನಿಗೆ ಹೆಟ್ಟಿಯ ಹೊಟ್ಟೆ ತುಂಬಿತು. ಆರನೆಯದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. ಆಕ್ಲಿ ಮೇಡಂ ಖಾಲಿ ಪ್ಯಾಕೆಟ್ಟನ್ನು ಮಡಚಿ ಚೀಲಕ್ಕೆ ಸೇರಿಸಿದರು. ಪೇಟೆಯ ಸೂಪರ್‌ಮಾರ್ಕೆಟ್ಟಿನಲ್ಲಿ ಬನ್ನು ಆರರ ಪ್ಯಾಕೆಟ್ಟಿನಲ್ಲೇ ಬರುತ್ತದೆ.

ಕೊನೆಗೆ ತೊರೆಯ ದಂಡೆಗೆ ಬಂದರು. ಅಲ್ಲಿಂದ ಊರಿನ ಕಡೆ ನೋಡಿದರೆ ಅಗಲವಾದ ಹುಲ್ಲುಗಾವಲು, ಅದರ ನಡುವೆ ಒಂಟಿ ಓಕ್ ಮರ, ಮರದಾಚೆ ದೂರದಲ್ಲಿ ಚರ್ಚಿನ ಗೋಪುರ. ದಂಡೆಯ ಎಡತುದಿಯಲ್ಲಿ ನಿಂತರೆ ಗೋಪುರ ಮರದ ಎಡಕ್ಕೆ ಕಾಣುತ್ತದೆ. ಬಲತುದಿಯಲ್ಲಿ ನಿಂತರೆ ಬಲಕ್ಕೆ.

"ಎಡತುದಿ!" ಎಂದು ಮುತ್ತಾತ ಕೋಲೆತ್ತಿ ತೋರಿಸಿದರು. "ಆರು ಗುದ್ದು ತಿಂದು ನಂಗೆ ತಲೆ ಸುತ್ತುತ್ತಿತ್ತು. ಗೋಣಿ ಹೊತ್ತಂಗೆ ಹೊತ್ಕೊಂಡು ಬಂದ್ರು. ದಾರಿ ನೆನಪಿಲ್ಲ. ಆದ್ರೆ ಗುದ್ದುವಾಗ ಎದುರಿಗೆ ಕಂಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಎಡಗೈ ಕಡೆ ಗೋಪುರ, ಬಲಗೈ ಕಡೆ ಮರ."

ಎಡತುದಿಯಲ್ಲಿ ಎದೆಯೆತ್ತರ ತುರಚೆ ಗಿಡ ಬೆಳೆದಿತ್ತು. ಹೆಟ್ಟಿಯ ಮಾಮ ಗ್ಯಾರಿ ಕೊಳಾಯಿ ರಿಪೇರಿಯವನು. ಉದ್ದನೆಯ ಬೂಟು ಹಾಕಿಕೊಂಡು ಗಿಡಗಳನ್ನು ಕೊಚ್ಚಿದ. ಉಳಿದವರು ಕೋಲಿನಿಂದ ನೆಲ ಕುಟ್ಟಿದರು. ಅರ್ಧ ಗಂಟೆ ಕಳೆಯಿತು.

"ಸಿಕ್ತು!" ಎಂದು ಗ್ಯಾರಿ ಕೂಗಿದ. ಎಲ್ಲರೂ ಓಡಿದರು. "ಸಾರಿ. ಬಕೆಟ್ಟು."

"ಹಳೇ ಬಕೆಟ್ಟೇನಾ?" ಎಂದರು ಅಜ್ಜಿ.

"ಇಲ್ಲ, ಇದು ಹೊಸದು."

ರೂಫಸ್ ಚಿಪ್ಸ್ ತಿನ್ನುತ್ತ ಹೆಟ್ಟಿಯ ಪಕ್ಕಕ್ಕೆ ಬಂದ. "ಬಸ್ಸಲ್ಲಿ ಜೋರಾಗಿ ಕೂಗ್ಬೇಕು, ಗೊತ್ತಾಯ್ತಾ? ಡ್ರೈವರ್‌ಗೂ ಕೇಳಿಸ್ಬೇಕು."

"ಬಾಯಲ್ಲಿ ಚಿಪ್ಸ್ ಇಟ್ಕೊಂಡು ಮಾತಾಡ್ಬೇಡ. ನಾಯಿಗಳು ನಿನ್ನನ್ನೇ ನೋಡ್ತಾ ಇವೆ."

ಹಾಗೆಂದು ಅವಳು ಇನ್ನೂ ಜೋರಾಗಿ ನೆಲ ಕುಟ್ಟಿದಳು.

ಆಕ್ಲಿ ಮೇಡಂ ಗಡಿಯಾರ ನೋಡಿಕೊಂಡರು. "ವಿಲ್ಫ್ ಅವರೇ, ಇಷ್ಟು ಸಲ ಹುಡುಕಿದ್ದಾಯ್ತು. ಫಲಕಕ್ಕೆ ಆರು ಅಂತಲೇ ಬರೆಸ್ತೀನಿ. ಬೇಜಾರು ಮಾಡ್ಕೋಬೇಡಿ."

ಮುತ್ತಾತ ಜಗಳವಾಡುತ್ತಾರೆಂದು ಎಲ್ಲರೂ ಕಾದರು. ಅವರು ಜಗಳವಾಡಲಿಲ್ಲ. ಟೋಪಿ ತೆಗೆದು, ನೆತ್ತಿಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು.

"ಬರೆಸು," ಎಂದರು. "ನಂಗೇ ಮರೆತಿರಬೇಕು. ವಯಸ್ಸಾಯ್ತು."

ಮುತ್ತಾತನ ಬಾಯಿಂದ ಆ ಮಾತು ಹೆಟ್ಟಿ ಹಿಂದೆಂದೂ ಕೇಳಿರಲಿಲ್ಲ. ಬಸ್ಸಿನಲ್ಲಿ ಕೂಗುವುದು ಅದಕ್ಕಿಂತ ಸುಲಭವೆನಿಸಿತು.

"ತಡೀರಿ," ಎಂದಳು. "ನಂಗೆ ಇನ್ನೊಂದು ಗುದ್ದು ಬೇಕು."

"ಕಲ್ಲೇ ಇಲ್ವಲ್ಲಮ್ಮ."

"ಕಲ್ಲು ಬೇಡ. ಮುತ್ತಾತನ್ನ ಹಿಡಿದ ಹಾಗೆ ನನ್ನನ್ನ ಹಿಡೀರಿ. ಅವರು ನೋಡಿದ ಹಾಗೆ ನಾನೂ ನೋಡ್ಬೇಕು. ಕಾಲು ಮೇಲೆ, ತಲೆ ಕೆಳಗೆ."

"ಸಾಧ್ಯವೇ ಇಲ್ಲ!" ಎಂದರು ಆಕ್ಲಿ ಮೇಡಂ. "ಮಗೂನ ತಲೆಕೆಳಗೆ ಮಾಡಿ ಗುದ್ದೋದಕ್ಕೆ ವಿಮೆ ಇಲ್ಲ."

"ಗುದ್ದೋದಲ್ಲ ಮೇಡಂ. ಯೋಗ."

ಆಕ್ಲಿ ಮೇಡಂ ಬೆನ್ನು ತಿರುಗಿಸಿ, ತೊರೆಯ ನೀರಿನಲ್ಲಿದ್ದ ಒಂದು ಬಾತುಕೋಳಿಯನ್ನು ಬಹಳ ಗಮನವಿಟ್ಟು ನೋಡತೊಡಗಿದರು.

ಗ್ಯಾರಿ ಮಾಮ ಒಂದು ಕಾಲು ಹಿಡಿದ. ಅಜ್ಜಿ ಇನ್ನೊಂದು ಹಿಡಿದರು. "ಒಂದು, ಎರಡು..." ಭೂಮಿ ಮೇಲಕ್ಕೆ ಹೋಯಿತು, ಆಕಾಶ ಕೆಳಗೆ ಬಂತು. ಹೆಟ್ಟಿಯ ಜಡೆ ಹುಲ್ಲಿಗೆ ತಾಗಿತು. ಮೂಗಿಗೆ ರಕ್ತವೆಲ್ಲ ನುಗ್ಗಿದಂತಾಯಿತು. ಅವಳು ಊರಿನ ಕಡೆ ಕಣ್ಣರಳಿಸಿ ನೋಡಿದಳು. ಗೋಪುರ ಕೆಳಮುಖವಾಗಿ ಆಕಾಶಕ್ಕೆ ಇಳಿಬಿದ್ದಿತ್ತು. ಮರವೂ ಅಷ್ಟೇ.

ಅವಳು ಒಂದು ಕೈ ಚಾಚಿದಳು. ಮತ್ತೊಂದು ಕೈ ಚಾಚಿದಳು.

"ಬಲಗೈ," ಎಂದಳು. ಆಮೇಲೆ ಕಿರುಚಿದಳು. "ಬಲಗೈ! ಇಲ್ಲಿಂದ ಗೋಪುರ ನನ್ನ ಬಲಗೈ ಕಡೆ ಇದೆ!"

"ಎಡಗಡೆ ಇದೆಯಲ್ಲೇ," ಎಂದ ಗ್ಯಾರಿ. "ನಾನು ನೋಡ್ತಾನೇ ಇದ್ದೀನಿ."

"ನಿಂಗೆ ಎಡಗಡೆ ಮಾಮ! ನೀನು ನೆಟ್ಟಗೆ ನಿಂತಿದ್ದೀಯಾ! ಮುತ್ತಾತ ನೆಟ್ಟಗೆ ನಿಂತಿರಲಿಲ್ಲ! ನನ್ನನ್ನ ಇಳಿಸಿ!"

ಅವಳನ್ನು ಇಳಿಸಿದರು, ಅಂದರೆ, ಬೀಳಿಸಿದರು. ಅವಳು ಎದ್ದು ಮುತ್ತಾತನ ಗಾಡಿಯ ಬಳಿಗೆ ಓಡಿದಳು.

"ಮುತ್ತಾತ, ಗೋಪುರ ನೋಡಿದಾಗ ನೀವು ನೇತಾಡ್ತಾ ಇದ್ರಾ, ನಿಂತಿದ್ರಾ?"

"ನೇತಾಡ್ತಾ ಇದ್ದೆ. ಇಳಿಸಿದ ಮೇಲೆ ಬರೀ ನಕ್ಷತ್ರ ಕಂಡ್ವು."

"ತಲೆಕೆಳಗಾದ್ರೆ ಎಡಗೈ ಬಲಕ್ಕೆ ಹೋಗುತ್ತೆ, ಬಲಗೈ ಎಡಕ್ಕೆ ಹೋಗುತ್ತೆ! ನೀವು ಹೇಳಿದ್ದು ಸರೀನೇ. ನಾವು ಹುಡುಕಿದ್ದು ತಪ್ಪು ತುದೀಲಿ!"

ಕೆಲವರು ಕುತ್ತಿಗೆ ಓರೆಮಾಡಿ ಲೆಕ್ಕ ಹಾಕಿದರು. ಒಬ್ಬ ಮುದುಕ ಬಗ್ಗಿ ತನ್ನ ಕಾಲುಗಳ ನಡುವಿನಿಂದ ನೋಡಲು ಹೋಗಿ ಉರುಳಿಬಿದ್ದ. ಬಳಿಕ ಮೂವತ್ತೇಳು ತಲೆಗಳೂ ದಂಡೆಯ ಬಲತುದಿಗೆ ತಿರುಗಿದವು.

ಅಲ್ಲಿ ಒಂದು ದೊಡ್ಡ ಮನೆಯ ಬೇಲಿ ಇತ್ತು. ಮನೆಯ ಹೆಸರು ಹಳೆಯ ಸೇಬಿನ ತೋಟ. ಒಂದೂ ಸೇಬಿನ ಮರ ಇರಲಿಲ್ಲ. ಅದು ರೂಫಸ್‌ನ ಮನೆ.

ಮೆರವಣಿಗೆ ಬೇಲಿಯ ಹತ್ತಿರ ಬರುವ ಹೊತ್ತಿಗೆ ರೂಫಸ್ ಚಿಪ್ಸ್ ತಿನ್ನುವುದನ್ನು ನಿಲ್ಲಿಸಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ಅವನು ಸುಮ್ಮನಿದ್ದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಬೇಲಿ ಎತ್ತರವಾಗಿತ್ತು.

"ಒಂದು ಕಲ್ಲಿದೆ," ಎಂದ ಅವನು ನೆಲ ನೋಡುತ್ತ. "ಹಿತ್ತಿಲಲ್ಲಿ. ಪಾಚಿ ಕಟ್ಟಿದೆ. ನಾನು ದಿನಾ ಅದರ ಮೇಲೆ ಕೂತು ಚಿಪ್ಸ್ ತಿಂತೀನಿ."

"ದಿನಾನಾ?" ಎಂದರು ಮುತ್ತಾತ.

"ದಿನಾ."

"ಮೂರು ವರ್ಷದಿಂದ ದಿನಾ ಗುದ್ದಿಸಿಕೊಳ್ತಾ ಇದ್ದೀಯ. ನಿಂಗೆ ಎಷ್ಟು ಬನ್ನು ಬಾಕಿಯೋ, ದೇವರಿಗೇ ಗೊತ್ತು."

ರೂಫಸ್‌ನ ಅಪ್ಪ ಬಾಗಿಲು ತೆರೆದರು. ಟವೆಲ್ಲು ಸುತ್ತಿಕೊಂಡಿದ್ದರು; ಹಿತ್ತಿಲಿನ ಬಿಸಿನೀರಿನ ತೊಟ್ಟಿಯಿಂದ ಆಗಷ್ಟೇ ಎದ್ದು ಬಂದಿದ್ದರು. "ಆ ಕಲ್ಲಾ? ಅದು ರೋಮನ್ನರ ಕಾಲದ್ದು. ನಾನು ಬಂದವರಿಗೆಲ್ಲ ಹೇಳ್ತೀನಿ."

"ಯಾರು ಹೇಳಿದ್ದು ನಿಮಗೆ?" ಎಂದರು ಅಜ್ಜಿ.

"ಯಾರೂ ಹೇಳಿಲ್ಲ. ನೋಡಿದ್ರೇ ಗೊತ್ತಾಗುತ್ತಲ್ಲ."

ಕಲ್ಲು ಬಿಸಿನೀರಿನ ತೊಟ್ಟಿಯ ಪಕ್ಕದಲ್ಲಿತ್ತು. ಹೆಟ್ಟಿ ಮೊಣಕಾಲೂರಿ ಕುಳಿತು ಕೋಲಿನಿಂದ ಪಾಚಿ ಕೆರೆದಳು. ರೂಫಸ್ ಇನ್ನೊಂದು ಪಕ್ಕದಿಂದ ಉಗುರಿನಲ್ಲಿ ಕೆರೆದ. ಮೊದಲು ಒಂದು ಅಕ್ಷರ ಕಂಡಿತು, ಹಾಗ್‌ಕೋಟಿನ ಮೊದಲಕ್ಷರ. ಉಳಿದ ಆರು ಕಲ್ಲುಗಳ ಮೇಲೂ ಅದೇ ಇತ್ತು. ಅದರ ಕೆಳಗೆ ಅಂಕಿ. ಅಂಕಿ ಏಳು.

ಆಕ್ಲಿ ಮೇಡಂ ನಕಾಶೆ ತೆಗೆದು, ಆರನೆಯ ಕಲ್ಲಿನಿಂದ ಏಳನೆಯದಕ್ಕೆ ಬೆರಳಿನಿಂದ ಗೆರೆ ಎಳೆದರು. "ಹಂಗಾದ್ರೆ ಎಲ್ಲೆ ಇಲ್ಲಿಂದ ಹೋಗುತ್ತೆ. ನಿಮ್ಮ ಮನೆ ನಮ್ಮೂರಲ್ಲಿದೆ ಸಾರ್. ನಿಮ್ಮ ತೊಟ್ಟಿ ಪಕ್ಕದ ಊರಲ್ಲಿದೆ."

"ನನ್ನ ತೊಟ್ಟಿನಾ?" ಟವೆಲ್ಲನ್ನು ಬಿಗಿಯಾಗಿ ಹಿಡಿದುಕೊಂಡರು ಅವರು.

"ಸ್ನಾನಕ್ಕೆ ಇನ್ಮೇಲೆ ಊರು ಬಿಟ್ಟು ಹೋಗ್ತೀರಿ," ಎಂದರು ಅಜ್ಜಿ.

ಎಲ್ಲರೂ ನಗುತ್ತಿದ್ದಾಗ ಹೆಟ್ಟಿ ಹೆಲ್ಮೆಟ್ಟು ತೆಗೆದು ಆಕ್ಲಿ ಮೇಡಂ ಕೈಗಿಟ್ಟಳು. ಅವರು ಅದನ್ನು ಹಿಡಿದುಕೊಂಡು, ಮತ್ತೊಂದು ಬಾತುಕೋಳಿಯನ್ನು ಹುಡುಕುತ್ತ ತೊರೆಯ ಕಡೆ ತಿರುಗಿದರು.

ಗ್ಯಾರಿ ಒಂದು ಕಾಲು ಹಿಡಿದ. ಅಜ್ಜಿ ಸೊಂಟ ನೋವೆಂದರು. ಇನ್ನೊಂದು ಕಾಲು ಹಿಡಿಯಲು ರೂಫಸ್ ಬಂದ.

"ಬೀಳಿಸಿದ್ರೆ ನೋಡ್ಕೋ," ಎಂದಳು ಹೆಟ್ಟಿ ಕೆಳಗಿನಿಂದ.

"ಒದ್ದಾಡ್ಬೇಡ. ಮೊದಲೇ ಭಾರ ಇದ್ದೀಯ. ಬನ್ನೆಲ್ಲ ಹೊಟ್ಟೇಲಿದೆ."

ಟಕ್. ನೆತ್ತಿ ಕಲ್ಲಿಗೆ ತಾಗಿತು. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ಆ ನೀರಿನೊಳಗಿಂದ ಅವಳು ಬೇಲಿಯಾಚೆ ನೋಡಿದಳು: ಎಡಗೈ ಕಡೆ ಗೋಪುರ, ಬಲಗೈ ಕಡೆ ಮರ. ಒಂಬತ್ತು ವರ್ಷದ ಹುಡುಗನೊಬ್ಬ ಇಲ್ಲೇ ಹೀಗೆಯೇ ನೇತಾಡುತ್ತ ಕಂಡದ್ದು, ಒಂದಿಷ್ಟೂ ಆಚೀಚೆಯಾಗಿರಲಿಲ್ಲ.

ನೆಲಕ್ಕೆ ಬಂದ ಮೇಲೆ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮುತ್ತಾತನಿಗೆ ಕೊಟ್ಟಳು. ಬನ್ನು ಎರಡು ಸಲ ತಲೆಕೆಳಗಾಗಿ, ಒಂದು ಸಲ ಅವಳ ಕೆಳಗೆ ಸಿಕ್ಕಿ, ಚಪ್ಪಟೆಯಾಗಿತ್ತು.

ಮುತ್ತಾತ ಅದನ್ನು ತಿರುಗಿಸಿ ನೋಡಿದರು. ಕಚ್ಚಿದರು. ಬಹಳ ಹೊತ್ತು ಅಗಿದರು.

"ಒಣದ್ರಾಕ್ಷಿ ಕಡಿಮೆ," ಎಂದರು. ಬಳಿಕ ಆಕ್ಲಿ ಮೇಡಂ ಕಡೆ ನೋಡಿ, "ಪಾಮ್, ನನ್ನ ಲೆಕ್ಕ ಚುಕ್ತಾ ಆಯ್ತು," ಎಂದರು.

"ಅಯ್ಯೋ, ಹೆಟ್ಟಿಗೆ ಏಳನೇ ಬನ್ನು ಇಲ್ವಲ್ಲ," ಎಂದರು ಆಕ್ಲಿ ಮೇಡಂ. "ನಾಳೆ ಪೇಟೆಯಿಂದ ತಂದುಕೊಡ್ತೀನಿ ಕಣಮ್ಮ."

ಹೆಟ್ಟಿ ಮುತ್ತಾತನನ್ನು ನೋಡಿದಳು. ಅವರು ಕಾಗದಕ್ಕೆ ಅಂಟಿದ್ದ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ತಿನ್ನುತ್ತಿದ್ದರು.

"ಬೇಡ ಮೇಡಂ," ಎಂದಳು. "ಮುತ್ತಾತನದ್ದು ಇದ್ದ ಹಾಗೆ ಬಾಕಿ ಇರಲಿ."

"ಯಾಕೆ?"

ಅವಳು ನೆತ್ತಿ ಸವರಿಕೊಂಡಳು. ಅಲ್ಲಿ ಸಣ್ಣಗೆ ಊದಿತ್ತು.